ಮಗುವಿನ ದೂರು ಯಾವ ಭಾಷೆಯದು?

ಶಾಲೆಗೆ ಬಂದ ಮಗುವಿಗೆ ಅಕ್ಷರಕ್ಕೂ ಮುಂಚೆ ನಾವು ಕಲಿಸುವುದು ಮೌನವನ್ನು. 'ಕೈ ಕಟ್ಟು, ಬಾಯಿ ಮುಚ್ಚು' ಎಂಬ ಆಜ್ಞೆಯನ್ನು ಕೇಳದೆ ಬೆಳೆದವರು ಈ ಸಂಚಿಕೆಯ ಓದುಗರಲ್ಲಿ ವಿರಳ. ಮೌನವಿಲ್ಲದೆ ತರಗತಿ ನಡೆಯದು. ಉಪಾಧ್ಯಾಯ ವೃತ್ತಿಯಲ್ಲೇ ಆಯುಸ್ಸು ಕಳೆದ ನಮಗೆ ಅದನ್ನು ಅಲ್ಲಗಳೆಯುವ ಮನಸ್ಸಿಲ್ಲ. ಆದರೆ ಪಾಠದ ವೇಳೆಯ ಮೌನ ಬೇರೆ, ನೋವಿನ ವೇಳೆಯ ಮೌನ ಬೇರೆ. ಮೊದಲನೆಯದನ್ನು ಕಲಿಸುವ ಭರದಲ್ಲಿ ಎರಡನೆಯದನ್ನೂ ಕಲಿಸಿಬಿಟ್ಟರೆ ಅದನ್ನು ಶಿಸ್ತೆಂದು ಕರೆಯಬಹುದೇ?

ಕಠೋಪನಿಷತ್ತಿನ ನಚಿಕೇತನ ಕಥೆಯನ್ನು ಹೇಳುವವರೆಲ್ಲ ಯಮನ ಉಪದೇಶಕ್ಕೆ ಧಾವಿಸುತ್ತಾರೆ. ಅದಕ್ಕೆ ಮುಂಚಿನ ಪ್ರಸಂಗದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ತಂದೆ ದಾನ ಕೊಡುತ್ತಿದ್ದ ಹಸುಗಳು ಹಾಲು ಬತ್ತಿದ ಮುದಿ ಹಸುಗಳೆಂಬುದು ಅಲ್ಲಿದ್ದ ಹಿರಿಯರಿಗೆ ಕಾಣದೇ ಇದ್ದೀತೆ? ಬಾಯಿ ತೆರೆದವನು ಮಾತ್ರ ಬಾಲಕ. ಮೂರು ಸಲ ಕೇಳಿದ; ದೊರೆತ ಉತ್ತರ 'ನಿನ್ನನ್ನು ಮೃತ್ಯುವಿಗೆ ಕೊಟ್ಟೆ' ಎಂಬ ಸಿಟ್ಟಿನ ಮಾತು. ಕೇಳಿದ್ದು ಸರಿಯೇ ಎಂಬ ವಿಚಾರಕ್ಕೆ ಮುನ್ನ ಕೇಳಿದ್ದೇ ಅಪರಾಧವಾಯಿತು.

ಮಕ್ಕಳ ಸುರಕ್ಷತೆ ಎಂದರೆ ಕಟ್ಟಡದ ಸುರಕ್ಷತೆ ಎಂದು ನಮ್ಮ ಈ ರಾಜ್ಯ ಬಹುಕಾಲ ತಿಳಿದದ್ದಕ್ಕೆ ಕಾರಣವಿದೆ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ ಹುಲ್ಲಿನ ಮಾಡಿಗೆ ಬೆಂಕಿ ಹತ್ತಿ 94 ಮಕ್ಕಳು ಅಸುನೀಗಿದರು. ಮಾಡು, ಮೆಟ್ಟಿಲು, ಅಡುಗೆಮನೆ ಇವುಗಳ ತಪಾಸಣೆ ಅಂದಿನಿಂದ ಬಿಗಿಯಾಯಿತು, ಆಗಲೇಬೇಕಿತ್ತು. ಆದರೆ ಹೊಗೆಯಿಲ್ಲದ ಬೆಂಕಿಯೂ ಉಂಟು. ಅದನ್ನು ಯಾವ ತಪಾಸಣಾಧಿಕಾರಿಯೂ ಕಾಣಲಾರ, ಮಗುವೇ ಹೇಳಬೇಕು.

ಹೇಳುವ ಹಕ್ಕನ್ನು ಶಾಸನವೂ ಒಪ್ಪಿದೆ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮು ದೂರು ಕೊಡಬಲ್ಲವರಲ್ಲಿ ಮಗುವನ್ನೂ ಸೇರಿಸಿದೆ. ತನ್ನ ಕೈಕೆಳಗಿನವರು ಎಸಗಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ 21ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆ, ಜೊತೆಗೆ ದಂಡ. 'ಶಾಲೆಯ ಮಾನ' ಎಂಬ ನಮ್ಮವರ ಹಳೆಯ ನೆಪಕ್ಕೆ ಇದು ತಕ್ಕ ಉತ್ತರವೆಂದೇ ನಮ್ಮ ಭಾವನೆ. 1098ಕ್ಕೆ ಮಗುವೇ ದೂರವಾಣಿ ಮಾಡಬಹುದು.

ಇನ್ನು ನಮ್ಮ ಆಂಡಿಪಟ್ಟಿಯ ಮಾತು. ಇಲ್ಲಿಂದ ಬೋಡಿ, ಕಂಬಂವರೆಗೆ ಚದುರಿರುವ ನಮ್ಮ ಮನೆಗಳಲ್ಲಿ ಒಲೆಯ ಬಳಿ ಕನ್ನಡ, ಹೊಸ್ತಿಲಾಚೆ ತಮಿಳು. ಬೆಳಗಿನ ಜಾವ ಜೀಪು ಹತ್ತಿ ಬೆಟ್ಟದಾಚೆಯ ಏಲಕ್ಕಿ ತೋಟಕ್ಕೆ ಹೋದ ತಾಯಿ ಸಂಜೆಗೆ ಮರಳುವವರೆಗೆ ಮಗುವಿಗೆ ಅಜ್ಜಿಯೇ ದಿಕ್ಕು. ಆ ಮಗು ಹೆದರಿ ಅಳುತ್ತ 'ಮುಟ್ಟಿದರು' ಎಂದಿತೆನ್ನೋಣ. ತಮಿಳಿನ ಕಿವಿಗೆ 'ಮುಟ್ಟು' ಎಂದರೆ ಗುದ್ದುವುದು, ಹಾಯುವುದು; ನಮ್ಮ 'ಮುಟ್ಟು'ವಿಗೆ ಅವರ ಪದ 'ತೊಡು'. ಯಾರೋ ಡಿಕ್ಕಿ ಹೊಡೆದರೆಂದು ತಿಳಿದು ಒಳ್ಳೆಯ ಉಪಾಧ್ಯಾಯಿನಿಯೂ ಮೊಣಕಾಲಿಗೆ ಮುಲಾಮು ಹಚ್ಚಿ ಕಳುಹಿಸಿಯಾಳು. ಇದರಲ್ಲಿ ಯಾರ ದ್ವೇಷವೂ ಇಲ್ಲ. ಆದರೂ ಮಗು ಕಲಿಯುವ ಪಾಠ ಒಂದೇ: ಹೇಳಿದರೂ ಫಲವಿಲ್ಲ.

ಮಕ್ಕಳ ಮಾತನ್ನೆಲ್ಲ ನಂಬಿದರೆ ಗುರುಗಳ ಗತಿಯೇನೆಂದು ನಮ್ಮ ಓರಗೆಯವರು ಕೇಳುತ್ತಾರೆ. ಪ್ರಶ್ನೆ ಹುರುಳಿಲ್ಲದ್ದಲ್ಲ, ನಿರಪರಾಧಿಯ ಹೆಸರು ಕೆಡುವುದೂ ಅನ್ಯಾಯವೇ. ಆದರೆ ಆಲಿಸುವುದು ತೀರ್ಪಲ್ಲ. ತೀರ್ಪಿಗೆ ನ್ಯಾಯಾಲಯವಿದೆ. 'ಅವರು ಅಂಥವರಲ್ಲ' ಎಂದು ಆರಂಭದಲ್ಲೇ ಬಾಯಿ ಮುಚ್ಚಿಸುವವನೇ ವಾಸ್ತವವಾಗಿ ತೀರ್ಪು ಕೊಟ್ಟಿರುತ್ತಾನೆ, ಅದೂ ವಿಚಾರಣೆಯಿಲ್ಲದೆ. ಮನೆಯಲ್ಲೂ ಇದೇ ಕಥೆ. ಬಂಧುವಿನ ಮಡಿಲಲ್ಲಿ ಕೂರಲೊಲ್ಲದ ಮಗುವನ್ನು 'ಮರ್ಯಾದೆ ಇಲ್ಲ' ಎಂದು ಗದರುವ ನಾವು, ಶಾಲೆಯಲ್ಲಿ ಅದು ಧೈರ್ಯವಾಗಿ ಮಾತಾಡಲೆಂದು ಬಯಸುವುದು ಹೇಗೆ?

ಅದೇ 19ನೆಯ ಕಲಮಿನಲ್ಲಿ ನಮ್ಮ ಸಂಘಕ್ಕೆ ಸಂಬಂಧಿಸಿದ ಅಂಶವೊಂದಿದೆ. ಹೇಳಿಕೆ ಬರೆದುಕೊಳ್ಳುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಅನುವಾದಕರನ್ನೋ ದುಭಾಷಿಯನ್ನೋ ಒದಗಿಸಬೇಕು. 24ನೆಯ ಕಲಮಿನಂತೆ ಪೊಲೀಸರು ಸಮವಸ್ತ್ರವಿಲ್ಲದೆ ಬರಬೇಕು. ಮಗುವಿನ ಮನೆಯಲ್ಲೇ ಹೇಳಿಕೆ ಪಡೆಯಬಹುದು. ಸರ್ಕಾರ ಬೆಂಗಳೂರಿನಿಂದ ಕನ್ನಡ ಪಂಡಿತರನ್ನು ಕರೆತಂದರೂ ನಮ್ಮ ಅಜ್ಜಿಯರ ಕನ್ನಡ, ಎರಡು ಮಾತಿಗೊಂದು ತಮಿಳು ಬೆರೆತ ಕನ್ನಡ, ಅವರಿಗೆ ಎಷ್ಟು ತಿಳಿದೀತು? ಅದನ್ನೂ ಶಾಲೆಯ ತಮಿಳನ್ನೂ ಸಮನಾಗಿ ಬಲ್ಲ ಹೆಣ್ಣುಮಕ್ಕಳು ನಮ್ಮ ಸಂಘದ ಕುಟುಂಬಗಳಲ್ಲೇ ಇದ್ದಾರೆ. ಅವರಲ್ಲಿ ನಾಲ್ವರು ಮುಂದೆ ಬಂದರೆ, ಹೆಸರುಗಳನ್ನು ತೇನಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದುಕೊಡುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ.