ಅಂಗಡಿ ತೆರೆದಿದೆ, ಮಾತಿಲ್ಲ

ಬ್ಯಾಡಗಿಯ ಖರೀದಿದಾರ ಚೀಲಕ್ಕೆ ಕೈ ಹಾಕಿ, ಮೆಣಸಿನಕಾಯಿ ಮುರಿದು, ಮೂಸಿ, ಬೀಜ ನೋಡಿ ಆಮೇಲೆ ಬಾಯಿ ಬಿಡುತ್ತಾನೆ. ಅದೇ ಮನುಷ್ಯ ವೆಬ್‌ಸೈಟ್ ಮಾಡಿಸಿದ ದಿನ ಯಾರನ್ನೂ ಏನೂ ಕೇಳದೆ ಶುರು ಹಚ್ಚುತ್ತಾನೆ: 'ಗುಣಮಟ್ಟವೇ ನಮ್ಮ ಧ್ಯೇಯ.'

*

ವ್ಯಾಪಾರಿಗಳು ಅಂತರ್ಜಾಲಕ್ಕೆ ಮೊದಲು ಕರಪತ್ರ ತಂದು ಅಂಟಿಸಿದರು. ಆಮೇಲೆ ಮೈಕು ತಂದರು. ಎದುರಿಗೊಬ್ಬ ನಿಂತಿದ್ದಾನೆ ಎಂಬುದು ಹಲವರಿಗೆ ಇನ್ನೂ ಗೊತ್ತಾಗಿಲ್ಲ.

*

'ರೇಟ್ ಎಷ್ಟ್ರೀ ಅಣ್ಣಾರ?' ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿದವನಿಗೆ ಕೈಮುಗಿದ ಚಿತ್ರ ಬರುತ್ತದೆ, ಹಬ್ಬದ ಶುಭಾಶಯ ಬರುತ್ತದೆ, ಅಂಗಡಿಯ ಪೋಸ್ಟರ್ ಬರುತ್ತದೆ. ರೇಟ್ ಬರುವುದಿಲ್ಲ.

*

1999ರಲ್ಲಿ ಅಮೆರಿಕದ ನಾಲ್ವರು 'ಕ್ಲೂಟ್ರೇನ್ ಮ್ಯಾನಿಫೆಸ್ಟೊ' ಎಂಬ 95 ಸೂತ್ರಗಳ ಪ್ರಣಾಳಿಕೆ ಹೊರಡಿಸಿದರು. ಕೊಳ್ಳುವವರು ಜಾಲದಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದಾರೆ, ಕಂಪನಿಗಳೇ, ನೀವೂ ಮನುಷ್ಯರಂತೆ ಮಾತಾಡಿ ಎಂಬುದು ಅದರ ತಿರುಳು. ಅಷ್ಟೂ ಸೂತ್ರ ಓದಲು ಪುರುಸೊತ್ತಿಲ್ಲದವರು ನಮ್ಮ ಕಡೆಯ ದನದ ಸಂತೆಗೆ ಬರಬಹುದು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವಾಗ ಒಂದು ಶಬ್ದವೂ ಹೊರಡುವುದಿಲ್ಲ. ಆದರೂ ಇಬ್ಬರೂ ಕೇಳಿಸಿಕೊಳ್ಳುತ್ತಿರುತ್ತಾರೆ.

*

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆನ್‌ಲೈನಿನಲ್ಲಿ ಮಾರುವ ಎಷ್ಟೋ ಪೊಟ್ಟಣಗಳ ಮೇಲೆ ಈ ಹೆಸರಿದೆ. ಕಡ್ಡಿ ತಳಿಯೋ ಡಬ್ಬಿ ತಳಿಯೋ, ಈ ವರ್ಷದ್ದೋ ಕೋಲ್ಡ್ ಸ್ಟೋರೇಜಿನದ್ದೋ ಎಂದು ಕೇಳಿ ನೋಡಿ. ಪೇಟೆಯ ಹಮಾಲನೂ ನಿಂತಲ್ಲೇ ಉತ್ತರಿಸುವ ಪ್ರಶ್ನೆಗೆ 'ಗ್ರಾಹಕ ಸೇವೆ'ಯವರು ಟಿಕೆಟ್ ನಂಬರ್ ಕೊಡುತ್ತಾರೆ.

*

ಖಾರ ಕಡಿಮೆ, ಬಣ್ಣ ಜಾಸ್ತಿ. ಬ್ಯಾಡಗಿ ಕಾಯಿಯ ಕೀರ್ತಿ ನಿಂತಿರುವುದೇ ಇದರ ಮೇಲೆ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಸಾರ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಜಾಹೀರಾತಿನವರು ಈ ಗುಣವನ್ನು ಭಾಷೆಗೂ ಇಳಿಸಿಕೊಂಡಿದ್ದಾರೆ.

*

ಮೆಣಸಿನಕಾಯಿ ಪೇಟೆಗೆ ಇ-ಟೆಂಡರ್ ಬಂದದ್ದು ಒಳ್ಳೆಯದೇ. ಒಂದೇ ಲಾಟಿಗೆ ಹಲವು ಖರೀದಿದಾರರು ದರ ಬರೆಯುತ್ತಾರೆ, ಒಳಗೊಳಗಿನ ಹೊಂದಾಣಿಕೆಗೆ ಜಾಗ ಕಡಿಮೆ. ಆದರೆ ಪರದೆ ಅಂಕಿ ತೋರಿಸುತ್ತದೆ, ಯಾಕೆ ಎಂದು ಹೇಳುವುದಿಲ್ಲ. 2024ರ ಮಾರ್ಚ್ 11, ಸೋಮವಾರ, ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿತ್ತು. ಮಾತಾಡಿದ್ದರೆ ದರ ಏರುತ್ತಿತ್ತು ಎಂದು ನಾನು ಹೇಳಲಾರೆ. ಆವಕ ಮಿತಿಮೀರಿದರೆ ದರ ಬೀಳುತ್ತದೆ, ಅದಕ್ಕೆ ಮಾತಿನಲ್ಲಿ ಔಷಧವಿಲ್ಲ. ಬೆಂಕಿಯನ್ನಂತೂ ಸಮರ್ಥಿಸಲಾರೆ. ಆದರೆ ಸಾಲ ಮಾಡಿ ಬೆಳೆದವನಿಗೆ ಅಂಕಿಯೊಂದೇ ಉತ್ತರವಾದಾಗ ಅವನು ತಿರುಗಿ ಕೇಳಬೇಕಾದದ್ದು ಯಾರನ್ನು?

*

ಬೈಯುವ ಗಿರಾಕಿ ಇನ್ನೂ ನಿಮ್ಮ ಅಂಗಡಿಯಲ್ಲೇ ನಿಂತಿದ್ದಾನೆ. ಬ್ಲಾಕ್ ಮಾಡಿದ ಮೇಲೆ ಪಕ್ಕದಂಗಡಿಯಲ್ಲಿ ಕೂತು ನಿಮ್ಮ ಕಥೆ ಹೇಳುತ್ತಾನೆ.

*

ರಾಣೆಬೆನ್ನೂರು ಬೀಜದ ಊರು. ಹೈಬ್ರಿಡ್ ತರಕಾರಿ ಬೀಜಕ್ಕಾಗಿ ಈ ಸುತ್ತಿನ ಹೊಲಗಳಲ್ಲಿ ಹೆಣ್ಣುಮಕ್ಕಳು ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಅಷ್ಟು ಜತನದಿಂದ ಹುಟ್ಟಿದ ಬೀಜ ಎಲ್ಲೋ ಮೊಳೆಯದೆ ಹೋದಾಗ ಕೊಂಡ ರೈತನಿಗೆ ಕಂಪನಿಯ ಫೋನಿನಲ್ಲಿ ಸಿಗುವುದು ಒಂದು ಧ್ವನಿ: 'ಕನ್ನಡಕ್ಕಾಗಿ ಎರಡನ್ನು ಒತ್ತಿ.' ಒತ್ತುತ್ತಾನೆ. ಹಿಂದಿ ಬರುತ್ತದೆ.

ಅವನು ವಾಟ್ಸ್‌ಆ್ಯಪ್ ಗುಂಪಿಗೆ ಹೊಲದ ಫೋಟೊ ಹಾಕುತ್ತಾನೆ. ಪಕ್ಕದ ಊರಿನವನು 'ನಂದೂ ಹಂಗ ಆಗೇತಿ ನೋಡಪಾ' ಅನ್ನುತ್ತಾನೆ. ಇನ್ನೊಬ್ಬ ಲಾಟ್ ನಂಬರ್ ಕೇಳುತ್ತಾನೆ. ಕಂಪನಿಯ ಉತ್ತರ ಬರುವಷ್ಟರಲ್ಲಿ ಕಂಪನಿಯ ಬಗೆಗಿನ ತೀರ್ಮಾನ ಆಗಿಹೋಗಿರುತ್ತದೆ.

*

ಹಾವೇರಿಯಲ್ಲಿ ಏಲಕ್ಕಿ ಹಾರ ಕೊಳ್ಳಲು ಹೋದರೆ ಮೊದಲು ನಿಮ್ಮನ್ನೇ ಕೇಳುತ್ತಾರೆ: 'ಯಾರಿಗೆ ಹಾಕೋರ್ರೀ? ಯಾವಾಗ ಬೇಕು?' ಉದ್ದ, ಎಳೆ, ಬೆಲೆ ಎಲ್ಲ ಅಷ್ಟರಲ್ಲೇ ಇತ್ಯರ್ಥ. ಆನ್‌ಲೈನ್ ಅರ್ಜಿ ಪಿನ್‌ಕೋಡ್ ಕೇಳುತ್ತದೆ.

*

'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಬರೆದ ಇ-ಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ: 'ಇದಕ್ಕೆ ಉತ್ತರಿಸಬೇಡಿ.'

*

ಈಗ ಚಾಟ್‌ಬಾಟ್‌ಗಳಿಗೆ ಕನ್ನಡ ಕಲಿಸುತ್ತಿದ್ದಾರಂತೆ. ಕಲಿಸಲಿ. ನಮ್ಮ ಕಡೆಯವರು ಕೆಲಸದ ಮಾತಿಗೆ ಬರುವ ಮೊದಲೇ 'ಯಾವ ಊರ್ರೀ ನಿಮ್ದು?' ಎಂದು ಕೇಳಿಬಿಡುತ್ತಾರೆ. ಅದಕ್ಕೇನು ಹೇಳಬೇಕೆಂದು ಕಲಿಸಿದ್ದಾರೋ!