ಗರ್ಭದ ಮೇಲಿನ ಹೊರೆ



ಅಹಿಂಸಾಣುವ್ರತದ ಅತಿಚಾರಗಳೈದನ್ನು ನಮ್ಮ ಮನೆಗಳ ಮಕ್ಕಳೂ ಒಪ್ಪಿಸಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅತಿಭಾರಾರೋಪಣವೆಂದರೆ ಎತ್ತಿನ ಮೇಲೆ ಶಕ್ತಿಮೀರಿ ಹೇರುವುದೆಂದೇ ನಾನು ಬಹುಕಾಲ ತಿಳಿದಿದ್ದೆ, ಹಾಗೆಯೇ ಬೋಧಿಸಿದೆ. ಮಾಲೂರಿನ ನಮ್ಮ ಬೀದಿಯ ರೈತರೊಬ್ಬರ ಕೊಟ್ಟಿಗೆಯಲ್ಲಿ ಒಂದು ರಾತ್ರಿ ಆ ಅರ್ಥ ಸಾಲದೆನಿಸಿತು. ಸಣ್ಣ ಮೈಕಟ್ಟಿನ ನಾಟಿ ಹಸು; ಹಾಲಿನಾಸೆಗೆ ಎಚ್.ಎಫ್. ಹೋರಿಯ ವೀರ್ಯದ ಸೂಜಿ ಹಾಕಿಸಿದ್ದರು. ಕರು ತಾಯಿಯ ಸೊಂಟಕ್ಕೆ ಮೀರಿ ಬೆಳೆದಿತ್ತು. ಕಾಲಿಗೆ ಹಗ್ಗ ಕಟ್ಟಿ ನಾಲ್ವರು ಎಳೆಯಬೇಕಾಯಿತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಬೆಳಗ್ಗೆ ಅವರು ಕೇಳಿದರು: “ಮೇಷ್ಟ್ರೇ, ಬೆನ್ನ ಮೇಲೆ ಹೇರಿದರೆ ಪಾಪ ಅಂತೀರಿ. ಹೊಟ್ಟೆಯೊಳಗೆ ಹೇರಿದರೆ?”

ಇದು ಕೇವಲ ಸಂಕರ ತಳಿಯ ಮಾತು. ವಂಶವಾಹಿಯನ್ನೇ ತಿದ್ದುವ ವಿದ್ಯೆ ಇದಕ್ಕಿಂತ ಬಹುದೂರ ಸಾಗಿದೆ. 1980ರ ದಶಕದಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ಲೆಯಲ್ಲಿ ಹಂದಿಗಳ ಭ್ರೂಣಕ್ಕೆ ಮನುಷ್ಯನ ಬೆಳವಣಿಗೆಯ ಹಾರ್ಮೋನಿನ ವಂಶವಾಹಿಯನ್ನು ಚುಚ್ಚಿದರು. ಕೊಬ್ಬು ಕಡಿಮೆಯಾಯಿತು, ಜೊತೆಗೆ ಕೀಲುನೋವು, ಹೊಟ್ಟೆಹುಣ್ಣುಗಳೂ ಬಂದವು. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ತದ್ರೂಪಿ ಕುರಿ ಹುಟ್ಟಲು 277 ಅಂಡಗಳನ್ನು ಬಳಸಬೇಕಾಯಿತು. ನಮ್ಮ ದೇಶದ ಕರ್ನಾಲದಲ್ಲಿ 2009ರ ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ತದ್ರೂಪಿ ಎಮ್ಮೆಗರು ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಅದೇ ಜೂನಿನಲ್ಲಿ ಹುಟ್ಟಿದ ಗರಿಮಾ ಎರಡು ವರ್ಷ ದಾಟಿ ಬದುಕಿತು.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಗರ್ಭಜನ್ಮವುಳ್ಳವನ್ನು ಜರಾಯುಜ, ಅಂಡಜ, ಪೋತವೆಂದು ವಿಂಗಡಿಸಿದ್ದಾರೆ. ಹಸು, ಎಮ್ಮೆಗಳು ಜರಾಯುಜಗಳು. ತದ್ರೂಪಿ ಭ್ರೂಣಗಳಲ್ಲಿ ಮೊದಲು ಕೆಡುವುದೂ ಬಹುಮಟ್ಟಿಗೆ ಆ ಜರಾಯುವೇ. ಅದು ಸರಿಯಾಗಿ ರೂಪುಗೊಳ್ಳದೆ ನೀರು ತುಂಬುತ್ತದೆ, ಕರು ಅತಿಯಾಗಿ ಉಬ್ಬುತ್ತದೆ, ತಾಯಿಯ ಪ್ರಾಣಕ್ಕೂ ಸಂಚಕಾರ. ಗಾಜಿನ ಬಟ್ಟಲಲ್ಲಿ ರೂಪಿಸಿದ ಭ್ರೂಣದ ಜನ್ಮ ಗರ್ಭವೋ ಸಮ್ಮೂರ್ಛನವೋ ಎಂದು ವಾದಿಸುವ ಪಂಡಿತಮಿತ್ರರಿದ್ದಾರೆ. ವಾದ ನಡೆಯಲಿ; ನೋವುಣ್ಣುವ ತಾಯಿ ಪಂಚೇಂದ್ರಿಯಜೀವವೆಂಬುದರಲ್ಲಿ ವಾದವಿಲ್ಲವಷ್ಟೆ.

ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಅನಿವಾರ್ಯವಲ್ಲವೇ ಎನ್ನಬಹುದು. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಕೋಲಾರದಲ್ಲಿ ಹಾಲು, ರೇಷ್ಮೆಗಳೇ ಎಷ್ಟೋ ಮನೆಗಳ ಒಲೆ ಉರಿಸುತ್ತವೆ. ರೇಷ್ಮೆಯ ಮಾತು ಬೇರೆ, ಅದನ್ನಿಲ್ಲಿ ಎತ್ತುವುದಿಲ್ಲ. ಪ್ರಯೋಗಶಾಲೆಯವರದು ಸಂಕಲ್ಪೀ ಹಿಂಸೆಯೆಂದೂ ನಾನು ಹೇಳಲಾರೆ. ಕೊಲ್ಲುವ ಸಂಕಲ್ಪ ಅವರಿಗಿಲ್ಲ. ಆದರೆ ಗಾಡಿಯವನಿಗೂ ಎತ್ತು ಸಾಯಲಿ ಎಂಬ ಬಯಕೆ ಇರುವುದಿಲ್ಲ. ಹೊರಲಾರದೆಂದು ತಿಳಿದೂ ಲಾಭಕ್ಕಾಗಿ ಹೇರುವುದರಿಂದಲೇ ಅವನಿಗೆ ಅತಿಚಾರ. ಬಹುಪಾಲು ಭ್ರೂಣಗಳು ನಷ್ಟವಾಗುವುವೆಂದು ಮೊದಲೇ ಬಲ್ಲವನಿಗೆ ಇದಕ್ಕಿಂತ ಹಗುರವಾದ ಹೆಸರನ್ನು ಹೇಗೆ ಕೊಡೋಣ?

ಆದರೂ ಒಂದು ದೃಷ್ಟಾಂತ ನನ್ನನ್ನು ತಡೆಯುತ್ತದೆ. ಕೊಂಬಿನ ಮೊಳಕೆಯನ್ನು ಕಾದ ಕಬ್ಬಿಣದಿಂದ ಸುಡುವುದು ಛೇದವೇ. ವಂಶವಾಹಿ ತಿದ್ದಿ ಕೊಂಬಿಲ್ಲದ ಕರುಗಳನ್ನು 2015ರಲ್ಲಿ ಅಮೆರಿಕದಲ್ಲಿ ಹುಟ್ಟಿಸಿದರು. ಆ ವೇದನೆ ತಪ್ಪಿದರೆ ಒಳಿತಲ್ಲವೇ? ಒಳಿತೆಂದೇ ನನ್ನ ಭಾವನೆ. ಆದರೆ 2019ರಲ್ಲಿ ಪರೀಕ್ಷಿಸಿದಾಗ ಬಯಸದ ಬ್ಯಾಕ್ಟೀರಿಯಾದ ವಂಶಾಂಶವೂ ಅವುಗಳೊಳಗೆ ಸೇರಿಕೊಂಡಿದ್ದುದು ಕಂಡಿತು. ಭಾವ ಶುದ್ಧವಿದ್ದರೂ ಪ್ರಮಾದವಾಗಬಹುದು.

ನಮ್ಮ ಡೇರಿಯ ಹಾಲು ಇಂತಹ ಪ್ರಾಣಿಗಳದಲ್ಲ, ಯಾರೂ ಗಾಬರಿಪಡಬೇಕಿಲ್ಲ. ರಸತ್ಯಾಗದ ದಿನಗಳನ್ನುಳಿದು ನಾನೂ ಹಾಲು ಸೇವಿಸುವವನೇ. ರೈತರ ಪ್ರಶ್ನೆಗೆ ಮಾತ್ರ, “ಅದೂ ಹೊರೆಯೇ” ಎಂದುತ್ತರಿಸಿದೆ. ಈ ಬಾರಿ ಅವರು ಪಶುವೈದ್ಯರನ್ನು ಕೇಳಿ, ಸಣ್ಣ ಕರು ಹಾಕುವ ಜೆರ್ಸಿ ತಳಿಯ ಸೂಜಿ ಹಾಕಿಸಿದ್ದಾರೆ. ಹಾಲು ಒಂದೆರಡು ಲೀಟರ್ ಕಡಿಮೆಯಾದೀತೆಂದು ಮನೆಯವರ ಗೊಣಗಾಟ ಇದ್ದೇ ಇದೆ.