ಇನ್ನೊಂದು ಕೆನ್ನೆ

ನವಿ ಮುಂಬೈಯ ಖಾರ್ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಕ್ಟ್ರೆಕ್ ಇದೆ. ಅಲ್ಲಿ ಸಿ. ಮುರಳಿಕೃಷ್ಣ ಅವರ ತಂಡ ಬಾಯಿಯ ಒಳಗೆನ್ನೆಗೆ ಬೆಳಕು ಹಾಯಿಸಿ, ಚದುರಿ ಮರಳಿದ್ದನ್ನು ಓದುವ ಕೆಲಸಕ್ಕೆ ವರ್ಷಗಳನ್ನೇ ಕೊಟ್ಟಿದೆ. 785 ನ್ಯಾನೊಮೀಟರ್ ಅಲೆಯುದ್ದದ ಆ ಲೇಸರ್ ಬೆಳಕು ಕೆಂಪಿನ ಅಂಚಿನಾಚೆಯದು. ಕಣ್ಣಿಗೆ ಕಾಣುವ ಬೆಳಕು ಹಾಯಿಸಿದರೆ ಅಂಗಾಂಶ ತಾನೇ ಹೊಳೆದು ಸುಳಿವನ್ನೆಲ್ಲ ಮುಳುಗಿಸುತ್ತದೆ. ಈ ಅಲೆಯುದ್ದದ ಬೆಳಕು ಅಷ್ಟು ಗದ್ದಲವೆಬ್ಬಿಸದು. ಕೋಟಿಗೊಂದರಂತೆ ಬೆಳಕಿನ ಕಣ ಅಣುಗಳ ಕಂಪನಕ್ಕೆ ಸಿಕ್ಕು ಬಣ್ಣ ಬದಲಿಸಿ ಬರುತ್ತದೆ. 1928ರಲ್ಲಿ ರಾಮನ್ ತೋರಿಸಿದ್ದು ಇದನ್ನೇ.

2013ರಲ್ಲಿ ಪ್ರಕಟವಾದ ಮುರಳಿಕೃಷ್ಣ ತಂಡದ ಒಂದು ಅಧ್ಯಯನ ನನ್ನನ್ನು ಬಿಡುತ್ತಿಲ್ಲ. ಒಂದು ಕೆನ್ನೆಯಲ್ಲಿ ಕ್ಯಾನ್ಸರ್ ಇದ್ದವರ ಇನ್ನೊಂದು ಕೆನ್ನೆಯನ್ನು ಅವರು ನೋಡಿದರು. ಕಣ್ಣಿಗೆ ಅದು ನಯವಾಗಿ, ಚೆನ್ನಾಗಿಯೇ ಇತ್ತು. ಬೆಳಕಿಗೆ ಹಾಗಿರಲಿಲ್ಲ. ರೋಗವಿಲ್ಲದ ತಂಬಾಕು ಬಳಕೆದಾರರ ಕೆನ್ನೆಯಲ್ಲೂ ವ್ಯತ್ಯಾಸ ಕಂಡಿತು.

ರೋಗವಿಲ್ಲದ ಅಂಥ ಬಳಕೆದಾರನಿಗೆ ಏನು ಹೇಳುವುದು? ‘ನಿನಗೇನೂ ಆಗಿಲ್ಲ’ ಎಂದರೆ ಸುಳ್ಳು, ‘ಆಗಿದೆ’ ಎಂದರೂ ಸುಳ್ಳು. ಇಷ್ಟು ಬೇಗ ಕಂಡುಹಿಡಿದವರು ಅಷ್ಟೇ ಬೇಗ ಅವನ ಜತೆ ನಿಲ್ಲಬೇಕಾಗುತ್ತದೆ. ಬರೀ ಹೆದರಿಸಿ ಕಳಿಸಿದರೆ ಅವನು ಪಾನ್ ಟಪರಿಗೇ ಹೋಗುತ್ತಾನೆ.

ಕಲ್ಯಾಣ, ಠಾಣೆಯ ನಾಕಾಗಳಲ್ಲಿ ಬೆಳಗ್ಗೆ ಕೂಲಿಗಾಗಿ ನಿಲ್ಲುವವರಲ್ಲಿ ಕಲಬುರಗಿ, ವಿಜಯಪುರದ ಕಡೆಯವರೂ ಇದ್ದಾರೆ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕಿ ತುಟಿಯಡಿ ಇಡುವುದು ಹಸಿವೆಯನ್ನು ಮಧ್ಯಾಹ್ನಕ್ಕೆ ತಳ್ಳುವ ಉಪಾಯವೂ ಹೌದು. ಮಹಾರಾಷ್ಟ್ರ 2012ರಲ್ಲೇ ಗುಟ್ಕಾ ನಿಷೇಧಿಸಿತು. ಈಗ ಅಂಗಡಿಯವ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಕೊಡುತ್ತಾನೆ, ಬೆರೆಸಿಕೊಳ್ಳುವುದು ಗಿರಾಕಿಯ ಕೆಲಸ. ಮೆಣಸಿನಕಾಯಿ ತಾಗಿದರೆ ಬಾಯಿ ಉರಿಯುವವರು, ಬಾಯಿ ಪೂರ್ತಿ ತೆರೆಯಲಾಗದವರು ಅಲ್ಲೇ ಸಿಗುತ್ತಾರೆ. ಅವರನ್ನು ಗುರುತಿಸಲು ಯಾವ ಲೇಸರೂ ಬೇಡ. ಡೊಂಬಿವಲಿಯ ಲೋಕಲ್ ಹಿಡಿಯುವ ಅವಸರದಲ್ಲಿ ನಾವು ಕೆಂಪು ಉಗುಳನ್ನಷ್ಟೇ ಬೈದು ದಾಟುತ್ತೇವೆ, ಉಗುಳಿದ ಬಾಯಿಯನ್ನು ನೋಡುವುದಿಲ್ಲ.

ಲೇಸರನ್ನು ನಾನು ಹಳಿಯುತ್ತಿಲ್ಲ. ಚುಚ್ಚದೆ, ಕೊಯ್ಯದೆ ತಿಳಿಯುವುದೆಂದರೆ ಬಡವನ ಮೈಗೆ ತೋರಿದ ಮರ್ಯಾದೆ. ಆದರೆ ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಬಾಯಿ ನೋಡಿದ್ದರು. ತಂಬಾಕು ಇಲ್ಲವೇ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಇಳಿಯಿತೆಂದು 2005ರ ವರದಿ ಹೇಳಿತು. ಅಲ್ಲಿ ನೋಡುವವರೇ ಹೊಸ್ತಿಲಿಗೆ ಬಂದರು. ಇಲ್ಲಿ ನಾಕಾದವನು ಖಾರ್ಘರ್‌ಗೆ ಹೋಗಿಬರಬೇಕಾದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ?